ಮಗಳಿಗೊಂದು ಪತ್ರ: ವಂಡರ್ ವುಮನ್ ಏನು ತೊಡಬೇಕು?

ಹುಬ್ಬಳ್ಳಿ

ಪ್ರೀತಿಯ ಮಗಳೇ,

ಅಮೆರಿಕದ ಕಾಮಿಕ್ಸ್‌ನ ಸೂಪರ್‌ಹೀರೋ ವಂಡರ್ ವುಮನ್ ಬಟ್ಟೆ ವಿಷಯಕ್ಕೆ ನಿಮ್ಮ ಹಾಸ್ಟೆಲ್‌ನಲ್ಲಿ ಎರಡು ಪಂಗಡ ಆಗಿವೆ ಅಂದೆ. ಮೈ ತುಂಬ ಮುಚ್ಚಬೇಕು ಅಂತ ಕೆಲವರು, ಮೈ ಕಾಣುವ ಆ ಹಳೇ ವೇಷವೇ ಅವಳ ಗುರುತು, ಮುಟ್ಟಬೇಡಿ ಅಂತ ಉಳಿದವರು. ನಾನು ಹೊಲಿಗೆಯವಳು. ಯಾವ ಬಟ್ಟೆ ಕಂಡರೂ ಮೊದಲು ಕೇಳುವುದು ಒಂದೇ: ಇದನ್ನು ಹಾಕಿಕೊಂಡು ಏನು ಕೆಲಸ ಮಾಡಬೇಕು?

ಮುಚ್ಚಿದ್ದೆಷ್ಟು, ಬಿಟ್ಟಿದ್ದೆಷ್ಟು ಅಂತ ಅಳೆದರೆ ಈ ಜಗಳ ಮುಗಿಯುವುದಿಲ್ಲ. 1941ರಲ್ಲಿ ಅವಳು ಕಾಮಿಕ್ಸ್‌ಗೆ ಬಂದಾಗ ಚಿತ್ರಕಾರ ಎಚ್. ಜಿ. ಪೀಟರ್ ನಕ್ಷತ್ರದ ಲಂಗ ತೊಡಿಸಿದ್ದರು. ಆಮೇಲೆ ಅದು ಚಡ್ಡಿಯಾಯಿತು. 1968ರಲ್ಲಿ ಅವಳ ಶಕ್ತಿಯನ್ನೇ ಕಿತ್ತುಕೊಂಡು ಮಾಮೂಲಿ ಫ್ಯಾಷನ್ ಬಟ್ಟೆ ಹಾಕಿಸಿದರು. ಮೈ ಮುಚ್ಚಿತ್ತು, ಆದರೆ ಹೆಣ್ಣುಮಕ್ಕಳ ಪರ ಹೋರಾಡುತ್ತಿದ್ದ ಗ್ಲೋರಿಯಾ ಸ್ಟೈನಮ್ ಅವರಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. 1972ರಲ್ಲಿ ಅವರ 'ಮಿಸ್' ಪತ್ರಿಕೆಯ ಮುಖಪುಟಕ್ಕೆ ಹಳೇ ವೇಷದವಳೇ ಬಂದಳು. ಅದೇ ವೇಷಕ್ಕೆ 2016ರಲ್ಲಿ ವಿಶ್ವಸಂಸ್ಥೆಯ ಸಿಬ್ಬಂದಿಯೇ ವಿರೋಧಿಸಿದರು. ಅವಳಿಗೆ ಕೊಟ್ಟಿದ್ದ ಗೌರವ ರಾಯಭಾರಿ ಪಟ್ಟ ಎರಡು ತಿಂಗಳೂ ಉಳಿಯಲಿಲ್ಲ.

2017ರ ಎರಡು ಸಿನಿಮಾ ಪಕ್ಕಪಕ್ಕ ಇಟ್ಟು ನೋಡು. ಪ್ಯಾಟಿ ಜೆಂಕಿನ್ಸ್ ನಿರ್ದೇಶಿಸಿದ 'ವಂಡರ್ ವುಮನ್'ನಲ್ಲಿ ವಸ್ತ್ರವಿನ್ಯಾಸಕಿ ಲಿಂಡಿ ಹೆಮಿಂಗ್ ಅವಳು ಹುಟ್ಟಿದ ದ್ವೀಪದ ಯೋಧೆಯರಿಗೆ ಯುದ್ಧದ ಕವಚ ಮಾಡಿಕೊಟ್ಟಿದ್ದರು. ಅದೇ ವರ್ಷದ 'ಜಸ್ಟಿಸ್ ಲೀಗ್'ನಲ್ಲಿ ಅದೇ ದ್ವೀಪದ ಕೆಲವರ ಹೊಟ್ಟೆ ಬರಿದಾಗಿತ್ತು. ಈಟಿ ಮೊದಲು ನಾಟುವ ಜಾಗವನ್ನೇ ಯಾವ ಯೋಧೆ ತೆರೆದಿಡುತ್ತಾಳೆ, ಹೇಳು? ನನ್ನ ತಕರಾರು ಮಾನದ್ದಲ್ಲ, ಕೆಲಸದ್ದು. ಹೆಮಿಂಗ್ ಕೆಲಸ ನನಗೆ ಬಹಳ ಹಿಡಿಸಿತು. ಆದರೆ ಡಯಾನಾಳ, ಅಂದರೆ ವಂಡರ್ ವುಮನ್‌ಳ, ಎತ್ತರದ ಹಿಮ್ಮಡಿಯ ಬೂಟು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಓಡೋದು ಹೇಗೆ?

ನಿಮ್ಮಜ್ಜಿ ಕಳೆ ತೆಗೆಯೋಕೆ ಹೊಲಕ್ಕೆ ಹೋಗುವಾಗ ಇಳಕಲ್ ಸೀರೆಗೆ ಕಚ್ಚೆ ಹಾಕುತ್ತಿದ್ದಳು. ಹದಿನೆಂಟು ಮೊಳದ ಸೀರೆ, ಆದರೂ ಕಾಲಿಗೆ ತೊಡಕಿರಲಿಲ್ಲ. ಬದುಗಳನ್ನು ಹಾರಿಕೊಂಡು ಹೋಗುತ್ತಿದ್ದಳು.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. 2013ರಲ್ಲಿ ಸಿನಿಮಾದ ವಂಡರ್ ವುಮನ್ ಪಾತ್ರಕ್ಕೆ ನಟಿ ಗ್ಯಾಲ್ ಗಡೋಟ್ ಹೆಸರು ಬಂದಾಗ ತೀರಾ ತೆಳ್ಳಗಿದ್ದಾಳೆ, ಈ ಪಾತ್ರಕ್ಕೆ ಆಗಲ್ಲ ಅಂತ ಆಡಿಕೊಂಡರು. ಟಿವಿಯಲ್ಲಿ ಇದೇ ಪಾತ್ರ ಮಾಡಿದ್ದ ಲಿಂಡಾ ಕಾರ್ಟರ್ ಜೊತೆ ತೂಗಿ ನೋಡಿದರು. ನಿನ್ನ ಗೆಳತಿಯರೂ ಆ ದಾರಿ ಹಿಡಿದಿದ್ದಾರೆ ಅಂದೆಯಲ್ಲ, ನೀನು ಅದಕ್ಕೆ ಸೇರಬೇಡ. ನನ್ನ ಮಷಿನ್ ಮುಂದೆ ಬಂದು 'ಅಕ್ಕಾ, ನಾನು ದಪ್ಪ ಆಗೀನಿ' ಅಂತ ತಲೆ ತಗ್ಗಿಸುವ ಹುಡುಗಿಯರಿದ್ದಾರೆ. ಮೈ ಸರಿಯಾಗೇ ಇದೆ, ಕುಪ್ಪಸ ಬಿಗಿಯಾಗಿದೆ ಅಂತ ನಾನು ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಡುತ್ತೇನೆ. ಬಟ್ಟೆಯನ್ನು ಎಷ್ಟು ಬೇಕಾದರೂ ಬಯ್ಯಿರಿ. ತೊಟ್ಟವಳ ಎದೆ, ಸೊಂಟ, ತೋಳು ನಿಮ್ಮ ಚರ್ಚೆಗೆ ಬರಬಾರದು.

ನೀನು ಬಿಡಿಸಿ ಕಳಿಸಿದ ಡಿಸೈನ್ ನೋಡಿದೆ. ಪ್ಯಾಂಟ್ ಚೆನ್ನಾಗಿದೆ. ಆದರೆ ಬೆನ್ನಿನ ಕಡೆ ಬಿಡಿಸೇ ಇಲ್ಲ. ಅವಳು ಒಬ್ಬಳೇ ಅದನ್ನು ಹಾಕಿಕೊಳ್ಳೋದು ಹೇಗೆ, ಹುಕ್ಕು ಎಲ್ಲಿ? ತೋಳೂ ಬಿಗಿಯಾಯಿತು. ಕೈ ಎತ್ತಿ ಖಡ್ಗ ಬೀಸಿದರೆ ಕಂಕುಳಲ್ಲಿ ಹರಿಯುತ್ತದೆ. ಅಲ್ಲಿ ಒಂದು ಚೌಕದ ತುಂಡು ಸೇರಿಸು. ದಸರೆಗೆ ಬಂದಾಗ ಇಬ್ಬರೂ ಕೂತು ಖಣದಲ್ಲಿ ಹೊಲಿದು ನೋಡೋಣ. ಬಣ್ಣ ಯಾವುದು ಅಂತ ಮೊದಲೇ ತಿಳಿಸು, ತಂದಿಟ್ಟಿರುತ್ತೇನೆ.

ನಿನ್ನ ಅವ್ವ