ಡಿಕ್ಕಿ ಬಾಯಿಯ ಅಳತೆಯನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಈಚೆಗೆ ಅಲ್ಲಿ ಬರುವುದೆಲ್ಲ ಎಸ್‌ಯುವಿಗಳೇ. ಸನ್‌ರೂಫ್ ಇದೆಯಾ, ಮುಂದಿನ ಪರದೆ ಎಷ್ಟು ಇಂಚು, ಎಷ್ಟು ಬಣ್ಣಗಳಲ್ಲಿ ಸಿಗುತ್ತೆ, ಎಲ್ಲಾ ವಿವರವಾಗಿ ಬರೆಯುತ್ತೀರಿ. ಡಿಕ್ಕಿ ಬಗ್ಗೆ ಮಾತ್ರ ಒಂದೇ ಸಾಲು: ಇಷ್ಟು ಲೀಟರ್. ಆ ಒಂದು ಸಾಲಿನ ಮೇಲೆ ನನ್ನ ತಕರಾರು.

ನಾನು ದಾವಣಗೆರೆಯವಳು. ಮೂವತ್ತೊಂದು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿ ಈಗ ಮನೆಯಲ್ಲಿದ್ದೇನೆ. ಮನೆ ವಿದ್ಯಾನಗರದಲ್ಲಿ. ತೋಟ ಹೊಳಲ್ಕೆರೆ ಕಡೆ. ತೆಂಗು, ಒಂದಿಷ್ಟು ಅಡಿಕೆ. ನಮ್ಮ ಗಾಡಿ 2007ರ ಟಾಟಾ ಇಂಡಿಗೊ ಮರಿನಾ, ಡೀಸೆಲ್. ಹಿಂದಿನ ಬಂಪರ್‌ವರೆಗೂ ಚಾವಣಿ ಹಾಗೇ ಮುಂದುವರಿಯುವ ಉದ್ದ ಕಾರು. ಇಂಥದ್ದಕ್ಕೆ ಎಸ್ಟೇಟ್ ಕಾರು ಅನ್ನುತ್ತಾರೆ. ಅಮೆರಿಕದವರು ಸ್ಟೇಷನ್ ವ್ಯಾಗನ್ ಅನ್ನುತ್ತಾರೆ, ರೈಲ್ವೆ ಸ್ಟೇಷನ್ನಿನಿಂದ ಜನರನ್ನೂ ಲಗೇಜನ್ನೂ ಒಟ್ಟಿಗೆ ಕರೆತರುತ್ತಿದ್ದ ಗಾಡಿ ಅಂತ. ನಮ್ಮ ಬೀದಿಯಲ್ಲಿ ಇದಕ್ಕೆ ಆಂಬುಲೆನ್ಸ್ ಅಂತಲೇ ಹೆಸರು. "ಅಕ್ಕೋರ ಆಂಬುಲೆನ್ಸ್ ಬಂತು ನೋಡ್ರಿ" ಅಂತ ಮೂಲೆಮನೆಯವರು ಹದಿನೆಂಟು ವರ್ಷದಿಂದ ನಗುತ್ತಿದ್ದಾರೆ. ಅವರ ಮಗಳ ಮದುವೆಗೆ ಪಾತ್ರೆ ಸಾಮಾನು ಹೊತ್ತಿದ್ದು, ಮೊಮ್ಮಗನ ಸೈಕಲ್ ಗಾಲಿ ಬಿಚ್ಚದೆ ಮನೆಗೆ ತಂದಿದ್ದು ಇದೇ ಆಂಬುಲೆನ್ಸು.

ಕೊಳ್ಳುವಾಗ ನಮ್ಮ ಮನೆಯವರಿಗೆ ಮಾಮೂಲಿ ಇಂಡಿಗೊ ಸೆಡಾನ್ ಮೇಲೆ ಮನಸ್ಸು. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ. ನಾನು ಷೋರೂಮಿನ ಬಿಲ್ ಪುಸ್ತಕದ ಹಿಂದೆ ಚಿತ್ರ ಬರೆದು ತೋರಿಸಿದೆ. ಸೆಡಾನ್‌ನಲ್ಲಿ ಹಿಂದಿನ ಗಾಜು ಇಳಿಜಾರಾಗಿ ಇಳಿಯುತ್ತೆ, ಆಮೇಲೆ ಡಿಕ್ಕಿಯ ಮುಚ್ಚಳ. ಗಾಜಿನ ಹಿಂದೆ, ಮುಚ್ಚಳದ ಮೇಲೆ, ಅಷ್ಟೂ ಜಾಗ ಗಾಳಿಗೆ ಬಿಟ್ಟಿದ್ದು. ಮನೆ ಮುಂದೆ ಗಾಡಿ ನಿಲ್ಲಿಸುವಾಗ ಆ ಗಾಳಿಗೂ ಜಾಗ ಬೇಕು, ಅದರೊಳಗೆ ಒಂದು ತೆಂಗಿನಕಾಯಿ ಇಡೋಕೆ ಮಾತ್ರ ಆಗಲ್ಲ. ಮರಿನಾದಲ್ಲಿ ಆ ಜಾಗ ಒಳಗೆ ಬಂದಿದೆ, ಅಷ್ಟೇ ವ್ಯತ್ಯಾಸ. ಅವರು ಒಪ್ಪಿದರು ಅನ್ನುವುದಕ್ಕಿಂತ ಸುಮ್ಮನಾದರು.

ಈಗ ಲೀಟರ್ ವಿಷಯ. ಡಿಕ್ಕಿಯ ಲೀಟರ್ ಲೆಕ್ಕ ಎಲ್ಲಿಂದ ಬರುತ್ತೆ ಅಂತ ಹುಡುಕಿ ಓದಿದೆ, ಮೇಷ್ಟ್ರ ಚಟ. ಜರ್ಮನಿಯ ವಿಡಿಎ ಪದ್ಧತಿ ಅಂತ ಒಂದಿದೆ. 20 ಸೆಂಟಿಮೀಟರ್ ಉದ್ದ, 10 ಅಗಲ, 5 ದಪ್ಪದ ತುಂಡುಗಳನ್ನು ಡಿಕ್ಕಿಯೊಳಗೆ ಜೋಡಿಸುತ್ತಾ ಹೋಗುವುದು. ಒಂದು ತುಂಡಿಗೆ ಸರಿಯಾಗಿ ಒಂದು ಲೀಟರ್. ಎಷ್ಟು ಹಿಡಿಸಿತೋ ಅಷ್ಟು ಲೀಟರಿನ ಡಿಕ್ಕಿ. ಲೆಕ್ಕವೇನೋ ಚೆನ್ನಾಗಿದೆ. ಆದರೆ ಮೂಲೆ ಮುಡುಕಿನಲ್ಲಿ ಸಿಕ್ಕಿಸಿದ ಸಣ್ಣ ತುಂಡುಗಳೂ ಎಣಿಕೆಗೆ ಬರುತ್ತವಲ್ಲ, ನಾವು ಒಯ್ಯುವ ಸಾಮಾನು ಇಟ್ಟಿಗೆಯಷ್ಟು ಚಿಕ್ಕದಿರುತ್ತಾ?

ನಮ್ಮೂರಿನ ಮಂಡಕ್ಕಿಯನ್ನೇ ತಗೊಳ್ಳಿ. ಮಗಳು ಬೆಂಗಳೂರಿನಲ್ಲಿದ್ದಾಳೆ. ದಾವಣಗೆರೆಯವರು ಬೆಂಗಳೂರಿಗೆ ಬರಿಗೈಯಲ್ಲಿ ಹೋದರೆ ಏನು ಚೆನ್ನ? ಭಟ್ಟಿಯಿಂದ ಒಂದು ಚೀಲ ಮಂಡಕ್ಕಿ ಹಾಕಿಕೊಂಡೇ ಹೊರಡುವುದು. ಆ ಚೀಲವನ್ನು ಒಂದೇ ಕೈಯಲ್ಲಿ ಎತ್ತಬಹುದು, ತೂಕವೇ ಇಲ್ಲ. ಗಾತ್ರ ಮಾತ್ರ ಒಬ್ಬ ಮನುಷ್ಯನಷ್ಟು. ಮಂಡಕ್ಕಿಯನ್ನು ಸುರಿದು ಸೇರಿನಲ್ಲಿ ಅಳೆದರೆ ಯಾವ ಕಾರಿನ ಡಿಕ್ಕಿಗೂ ಸಾಕಷ್ಟು ಹಿಡಿಸುತ್ತೆ, ಲೀಟರ್ ಲೆಕ್ಕ ಸರಿಯಾಗೇ ಬರುತ್ತೆ. ಚೀಲ ಕಟ್ಟಿದ ಮೇಲೆ ಹೋಗಲ್ಲ! ಒಮ್ಮೆ ಅಳಿಯಂದಿರ ಕಾರಿನ ಡಿಕ್ಕಿಗೆ ತುರುಕಿ ಮುಚ್ಚಳ ಒತ್ತಿದೆವು. ಬೆಂಗಳೂರು ಮುಟ್ಟುವಷ್ಟರಲ್ಲಿ ಅರ್ಧ ಪುಡಿ. ನಮ್ಮ ಮರಿನಾದಲ್ಲಿ ಚೀಲ ನಿಂತೇ ಹೋಗುತ್ತೆ.

ಮೂರು ವರ್ಷದ ಹಿಂದಿನ ಬೇಸಿಗೆಯ ಮಾತು. ತೋಟದ ಬೋರ್‌ವೆಲ್ ಮೋಟರ್ ಸುಟ್ಟಿತು. ಹೊಸದಾಗಿ ನೆಟ್ಟ ಅಡಿಕೆ ಸಸಿಗಳು, ಎರಡು ದಿನ ನೀರಿಲ್ಲದಿದ್ದರೆ ಕಥೆ ಮುಗಿಯಿತು. ಪಂಪು ಮೋಟರು ಜೋಡಿಸಿದ ಹಾಗೇ ಐದೂವರೆ ಅಡಿ ಉದ್ದ. ಮೇಲೆತ್ತುವ ಹುಡುಗರು ಬಂದು ಎತ್ತಿ ಹಾಕಿ ಹೋದರು. ಲಗೇಜ್ ಆಟೊದವರು ನಾಳೆ ಬರ್ತೀನಿ ಅಂದರು. ನಾಳೆ ಅಂದರೆ ಯಾವ ನಾಳೆ ಅಂತ ಗೊತ್ತಲ್ಲ. ಹಿಂದಿನ ಸೀಟು ಮಡಚಿದೆವು. ಎರಡು ಗೋಣಿಚೀಲ ಹಾಸಿದೆವು. ನಮ್ಮ ಮನೆಯವರು ಒಂದು ತುದಿ, ತೋಟದ ಹುಡುಗ ಒಂದು ತುದಿ. ಡಿಕ್ಕಿಯ ಮೂಲೆಯಿಂದ ಡ್ರೈವರ್ ಪಕ್ಕದ ಸೀಟಿನ ಬೆನ್ನಿನವರೆಗೆ ಓರೆಯಾಗಿ ಮಲಗಿಸಿದರು. ಬಾಗಿಲು ಹಾಕಿದಾಗ ಪಂಪಿನ ಬಾಯಿಗೂ ಗಾಜಿಗೂ ನಾಲ್ಕು ಬೆರಳು ಸಂದು. ಕೆಸರು ನೀರು ಸೋರಿ ಗೋಣಿ ನೆನೆಯಿತು. ಅದರ ವಾಸನೆ ಮಳೆಗಾಲದವರೆಗೂ ಹೋಗಲಿಲ್ಲ. ಸಂಜೆ ಐದಕ್ಕೆ ದಾವಣಗೆರೆಯ ರಿವೈಂಡಿಂಗ್ ಅಂಗಡಿ ಮುಂದೆ ನಿಲ್ಲಿಸಿದಾಗ ಅಂಗಡಿಯವರು ಕಾರಿನ ಹಿಂದೆ ಟ್ರೇಲರ್ ಏನಾದರೂ ಇದೆಯಾ ಅಂತ ಬಗ್ಗಿ ನೋಡಿದರು. ಮರುದಿನ ಮಧ್ಯಾಹ್ನ ಅದೇ ಕಾರಿನಲ್ಲಿ ಮೋಟರ್ ವಾಪಸ್. ಭಾನುವಾರ ಅದೇ ಕಾರಿಗೆ ಬೆಡ್‌ಶೀಟ್ ಹಾಸಿ ನಾವೆಲ್ಲ ಒಂದು ನಾಮಕರಣಕ್ಕೆ ಹೋದೆವು.

1953ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿ ಇಂಥ ಒಂದು ಕಾರಿಗೆ ಡ್ಯುಯೆಟ್ ಅಂತ ಹೆಸರಿಟ್ಟಿತ್ತು. ವಾರವೆಲ್ಲ ದುಡಿಮೆಗೆ, ರಜೆಗೆ ಮನೆಯವರಿಗೆ, ಎರಡಕ್ಕೂ ಒಂದೇ ಗಾಡಿ ಅಂತ. ಹೆಸರು ಕೇಳಿದಾಗ ನನಗೆ ಆ ಪಂಪು ಮತ್ತು ಆ ನಾಮಕರಣವೇ ನೆನಪಾಯಿತು.

ಅತ್ತೆಯವರ ವಿಷಯವೂ ಹೇಳಬೇಕು. ಎಂಬತ್ನಾಲ್ಕು ವರ್ಷ, ಎರಡೂ ಮೊಣಕಾಲು ನೋವು, ವಾಕರ್ ಬೇಕೇ ಬೇಕು. ನಮ್ಮ ಕಾರಿನ ಸೀಟು ಕುರ್ಚಿಯ ಎತ್ತರಕ್ಕೇ ಇದೆ. ಮೊದಲು ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಳ್ಳುತ್ತಾರೆ. ವಾಕರ್ ಮಡಚದೆ ಹಿಂದೆ ಹೋಗುತ್ತೆ. ಅಳಿಯಂದಿರು ಈಗ ದೊಡ್ಡ ಎಸ್‌ಯುವಿ ತಗೊಂಡಿದ್ದಾರೆ. ಅದಕ್ಕೆ ಹತ್ತಲು ಅಡುಗೆಮನೆಯ ಮಣೆ ತಂದು ಕೆಳಗಿಡಬೇಕು. "ಅಟ್ಟ ಹತ್ತಿದಂಗಾಗ್ತತಿ ಕಣವ್ವ, ನಿನ್ನ ಹಳೇ ಗಾಡೀನೇ ತಗಿ" ಅಂತಾರೆ ಅತ್ತೆ. ಅಳಿಯಂದಿರ ಎದುರಿಗೇ.

ಆದರೂ ಗಾಡಿಗೆ ವಯಸ್ಸಾಯಿತು. 2022ರಲ್ಲಿ ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋದೆವು. ಆ ವರ್ಷ ಏಪ್ರಿಲ್‌ನಿಂದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತ್ತು. ನಮ್ಮದು ಸೆಪ್ಟೆಂಬರ್, ತಪ್ಪಿಸಿಕೊಳ್ಳಲು ಆಗಲಿಲ್ಲ. ಹಾಗಾಗಿ ಕಳೆದ ದೀಪಾವಳಿ ಹೊತ್ತಿಗೆ ಹೊಸ ಕಾರು ನೋಡೋಣ ಅಂತ ಹೊರಟೆವು. ನಾನು ವ್ಯಾನಿಟಿ ಬ್ಯಾಗಿನಲ್ಲಿ ಹೊಲಿಗೆ ಟೇಪು ಇಟ್ಟುಕೊಂಡೆ. ಷೋರೂಮಿನ ಹುಡುಗ ಪಾಪ, ಒಳ್ಳೆಯವನೇ. "ನಾನೂರು ಚಿಲ್ಲರೆ ಲೀಟರ್ ಮೇಡಂ, ಈ ಸೆಗ್ಮೆಂಟಿಗೆ ಬೆಸ್ಟು" ಅಂದ. ಡಿಕ್ಕಿ ಬಾಗಿಲು ಎಷ್ಟು ಅಗಲ ಅಂದೆ. ಕಾಗದ ತಿರುವಿ ಹಾಕಿದ, ಇರಲಿಲ್ಲ. ನೆಲದಿಂದ ಎಷ್ಟು ಎತ್ತರಕ್ಕೆ ಸಾಮಾನು ಎತ್ತಬೇಕು ಅಂದೆ. ಮ್ಯಾನೇಜರನ್ನು ಕರೆದ. ಮ್ಯಾನೇಜರ್ ನನಗೆ ಸನ್‌ರೂಫ್ ತೆಗೆದು ತೋರಿಸಿದರು.

ಕೊನೆಗೆ ನಾನೇ ಅಳೆದೆ. ಡಿಕ್ಕಿಯ ಹೊಸ್ತಿಲು ನನ್ನ ಸೊಂಟದ ಹತ್ತಿರ. ಅದನ್ನು ದಾಟಿದರೆ ಒಳಗೆ ಒಂದು ಗೇಣು ಹಳ್ಳ. ಅಂದರೆ ಕಾಯಿ ಚೀಲವನ್ನು ಸೊಂಟದವರೆಗೆ ಎತ್ತಬೇಕು, ಹಳ್ಳಕ್ಕೆ ಇಳಿಸಬೇಕು, ಮನೆಗೆ ಬಂದ ಮೇಲೆ ಹಳ್ಳದಿಂದ ಮತ್ತೆ ಎತ್ತಬೇಕು. ಮರಿನಾದ ಹೊಸ್ತಿಲು ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಚೀಲದ ಅಂಚು ತಾಗಿಸಿ ಒಳಗೆ ನೂಕಿದರೆ ಆಯಿತು. ಅರವತ್ತು ದಾಟಿದ ಹೆಂಗಸಿನ ಬೆನ್ನಿಗೆ ಇದರ ಬೆಲೆ ಗೊತ್ತು. ಇನ್ನು ಏಳು ಸೀಟಿನ ಕಾರು ತಗೊಳ್ಳಿ ಅಂತಾರೆ. ಎರ್ಟಿಗಾದಲ್ಲಿ ಮೂರನೇ ಸಾಲು ಎತ್ತಿದ್ದರೆ ಹಿಂದೆ ಉಳಿಯುವುದು 209 ಲೀಟರ್. ಜನ ತುಂಬಿದರೆ ಸಾಮಾನಿಗೆ ಜಾಗ ಕಮ್ಮಿ. ಆದರೂ ಮೂರನೇ ಸಾಲು ಮಡಚಿಟ್ಟರೆ ಸದ್ಯಕ್ಕೆ ನಮ್ಮಂಥವರಿಗೆ ಹತ್ತಿರವಾದದ್ದು ಅದೇ ಅಂತ ಒಪ್ಪುತ್ತೇನೆ. ಹೆಚ್ಚಿನ ಸಿಎನ್‌ಜಿ ಕಾರುಗಳ ಡಿಕ್ಕಿಯಲ್ಲಿ ಸಿಲಿಂಡರೇ ಮಲಗಿರುತ್ತೆ, ಅದನ್ನು ಬಿಡಿ.

ಎಸ್ಟೇಟ್ ಕಾರು ನಮ್ಮ ದೇಶಕ್ಕೆ ಹೊಸದೇನಲ್ಲ. ಟಾಟಾದವರು 1992ರಲ್ಲೇ ಟಾಟಾ ಎಸ್ಟೇಟ್ ತಂದಿದ್ದರು, ತಮ್ಮ ಪಿಕಪ್ಪಿನ ಅಡಿಪಾಯದ ಮೇಲೆ ಕಟ್ಟಿದ್ದು. ಆಮೇಲೆ ಮಾರುತಿಯ ಬಲೆನೊ ಆಲ್ಟುರಾ, ಸ್ಕೋಡಾ ಆಕ್ಟೇವಿಯಾ ಕಾಂಬಿ, 2004ರಲ್ಲಿ ನಮ್ಮ ಮರಿನಾ. ಯಾವುದೂ ನಿಲ್ಲಲಿಲ್ಲ. 2017ರಲ್ಲಿ ವೋಲ್ವೊದವರ ವಿ90 ಕ್ರಾಸ್ ಕಂಟ್ರಿ ಬಂತು, 60 ಲಕ್ಷ ರೂಪಾಯಿ. ಅದರಲ್ಲಿ ಬೋರ್ ಪಂಪು ಮಲಗಿಸಲು ಯಾರಿಗೆ ಧೈರ್ಯ ಬರುತ್ತೆ?

ಕಂಪನಿಗಳನ್ನಷ್ಟೇ ಬೈದರೆ ತಪ್ಪಾಗುತ್ತೆ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ ಸಣ್ಣ ಕಾರಿಗೆ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಸಿದರು. ಅಲ್ಲಿಂದ ಎಲ್ಲರೂ ಕಾರಿನ ಬಾಲ ಕತ್ತರಿಸಲು ಶುರು. ಇಂಡಿಗೊ ಕೂಡ 2008ರಲ್ಲಿ ಸಿಎಸ್ ಅಂತ ಮೋಟು ಬಾಲದಲ್ಲಿ ಬಂತು. ಈಗ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿಎಸ್‌ಟಿ ಶೇ 18, ಅಳತೆ ಮೀರಿದರೆ ಶೇ 40. ಲೆಕ್ಕ ಹಾಕಿ. ತೆರಿಗೆಗೆ ಮುಂಚೆ 10 ಲಕ್ಷದ ಕಾರು ಒಂದು ಕಡೆ 11 ಲಕ್ಷ 80 ಸಾವಿರ, ಇನ್ನೊಂದು ಕಡೆ 14 ಲಕ್ಷ. ಒಂದು ಗೇಣು ಉದ್ದ ಜಾಸ್ತಿಯಾಗಿದ್ದಕ್ಕೆ 2 ಲಕ್ಷ 20 ಸಾವಿರ. ಎಸ್ಟೇಟ್ ಕಾರಿನ ಗುಣ ಇರುವುದೇ ಆ ಗೇಣಿನಲ್ಲಿ. ಎತ್ತರಕ್ಕೆ ಮಾತ್ರ ಹಾಗೆ ಮಿತಿ ಇಲ್ಲ. ಅದಕ್ಕೇ ಸಣ್ಣ ಕಾರುಗಳೆಲ್ಲ ಮೇಲಕ್ಕೆ ಬೆಳೆಯುತ್ತಿವೆ ಅಂತ ನನ್ನ ಅನುಮಾನ.

ನಮ್ಮ ಗಾಡಿಯಲ್ಲಿ ದೋಷ ಇಲ್ಲ ಅಂತಲ್ಲ. ಹಿಂದಿನ ಗಾಜಿಗೆ ಧೂಳು ಮೆತ್ತಿಕೊಳ್ಳುತ್ತೆ, ತೋಟದ ದಾರಿಯಲ್ಲಿ ಐದು ನಿಮಿಷಕ್ಕೆ ಏನೂ ಕಾಣಲ್ಲ. ತುಂಬಿದ ಗಾಡಿಯ ಹೊಟ್ಟೆ ರಸ್ತೆಯ ಹಂಪ್‌ಗಳಿಗೆ ಉಜ್ಜುತ್ತೆ. ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವ ಎರಡೂ ಶಾಕ್‌ಗಳ ಗ್ಯಾಸ್ ಹೋಗಿ, ಬಾಗಿಲು ನಮ್ಮ ಮನೆಯವರ ತಲೆ ಮೇಲೆ ಬಿದ್ದಿದೆ, ಎರಡು ಸಲ. ಈಗ ಮುರಿದ ದೋಟಿಯ ಒಂದು ತುಂಡು ಊರುಗೋಲಾಗಿ ಕಾರಿನಲ್ಲೇ ಇರುತ್ತೆ. ಡಿಕ್ಕಿಗೂ ಸೀಟಿಗೂ ಗೋಡೆ ಇಲ್ಲದ್ದರಿಂದ ಸಾಮಾನು ಕಟ್ಟದಿದ್ದರೆ ಅಪಾಯ. ಒಮ್ಮೆ ಸೀಟು ಮಡಚಿ ಬಿಡಿಗಾಯಿ ತುಂಬಿದ್ದೆವು. ಚಿತ್ರದುರ್ಗದ ಹತ್ತಿರ ಬ್ರೇಕ್ ಹಾಕಿದಾಗ ಒಂದು ಕಾಯಿ ಉರುಳಿ ಬಂದು ನನ್ನ ಕಾಲ ಬಳಿ ಕೂತಿತು. ಆಮೇಲೆ ಚೀಲದ ಬಾಯಿ ಹೊಲಿಯದೆ ನಾನು ಗಾಡಿ ತೆಗೆದಿಲ್ಲ.

ನಿಮ್ಮಲ್ಲಿ ನನ್ನ ಬೇಡಿಕೆ ಚಿಕ್ಕದು. ಇನ್ನು ಮುಂದೆ ಯಾವ ಕಾರಿನ ಬಗ್ಗೆ ಬರೆದರೂ ಲೀಟರ್ ಜೊತೆ ನಾಲ್ಕು ಅಳತೆ ಹಾಕಿ: ಡಿಕ್ಕಿ ಬಾಗಿಲಿನ ಅಗಲ ಮತ್ತು ಎತ್ತರ, ನೆಲದಿಂದ ಹೊಸ್ತಿಲಿಗೆ ಎಷ್ಟು, ಸೀಟು ಮಡಚಿದಾಗ ಒಳಗಿನ ಉದ್ದ ಎಷ್ಟು. ಅರ್ಧ ಇಂಚು ಜಾಗದಲ್ಲಿ ಮುಗಿಯುತ್ತೆ. ಓದುವವರು ಆ ಅಳತೆ ಕೇಳತೊಡಗಿದರೆ ಷೋರೂಮಿನವರು ಹೇಳಲೇಬೇಕಾಗುತ್ತೆ, ಮಾಡುವವರೂ ನೋಡಿಕೊಳ್ಳುತ್ತಾರೆ. ನಿಮ್ಮ ವರದಿಗಾರರಿಗೆ ಟೇಪು ಬೇಕಾದರೆ ನನ್ನದನ್ನೇ ಕೊಡುತ್ತೇನೆ. ಭಾನುವಾರ ಮಾತ್ರ ಬೇಡ, ಅವತ್ತು ತೋಟದಲ್ಲಿರುತ್ತೇನೆ.

– ಒಬ್ಬ ನಿವೃತ್ತ ಗಣಿತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ