ಕೆಳಗಿನ ದನಿಯವನಿಂದ ಮೇಲಿನ ದನಿಯವನಿಗೆ

ಲೀಡ್ ಮಹಾಶಯ,

ನಾಲ್ಕು ಸಲ ಬರೆದು ಅಳಿಸಿದ ಪತ್ರ ಇದು. ನಿನಗೊಬ್ಬನಿಗೇ ಬರೆದರೆ ಐದನೇ ಸಲವೂ ಅಳಿಸುತ್ತೇನೆ. ಅದಕ್ಕೇ ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ. ಎದುರಿಗೆ ಜನ ಇದ್ದರೆ ನಾನು ಹಾಡನ್ನು ಅರ್ಧಕ್ಕೆ ಬಿಡುವವನಲ್ಲ, ಅದು ನಿನಗೆ ಗೊತ್ತು.

ಹೋದ ವಾರ ಅಟ್ಟ ಖಾಲಿ ಮಾಡುವಾಗ ಆ ಡಬ್ಬ ಸಿಕ್ಕಿತು. ಹೌದು, ಅದೇ ಡಬ್ಬ. ಒಳಗೆ ಮೂರು ಗಿಟಾರ್ ಪಿಕ್, ತುಂಡಾದ ಒಂದು ಬಿ ತಂತಿ, 'ಇವತ್ತು ಎಣ್ಣೆ ಇಲ್ಲ' ಅಂತ ನೀನು ಬರೆದಿಟ್ಟ ಚೀಟಿ, ಮತ್ತೆ ಒಂದು ಕ್ಯಾಸೆಟ್. 'ಕಾಮನ್ ಥ್ರೆಡ್: ದಿ ಸಾಂಗ್ಸ್ ಆಫ್ ದಿ ಈಗಲ್ಸ್'. ಬೇಸ್‌ನವನ ಅಕ್ಕ ಅಮೆರಿಕದಿಂದ ತಂದುಕೊಟ್ಟಿದ್ದು. ಒಳಗಿನ ಕಾಗದ ಬಿಚ್ಚಿದರೆ ಮಡಿಕೆಯಲ್ಲಿ ಇನ್ನೂ ರಾಗಿ ಹಿಟ್ಟು. ಬೆರಳಿಗೆ ಹತ್ತಿತು. ಸುಮಾರು ಹೊತ್ತು ಒರೆಸಿಕೊಳ್ಳದೆ ಹಾಗೇ ಕೂತಿದ್ದೆ.

ಓದುತ್ತಿರುವ ಉಳಿದವರಿಗೆ ಎರಡು ಮಾತು. ನಾವು ಐದು ಜನ ಮೈಸೂರಿನ ಸರಸ್ವತಿಪುರಂನಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ರೂಮಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೆವು. ರಾತ್ರಿ ಎಂಟಕ್ಕೆ ಗಿರಣಿ ನಿಂತರೆ ನಮ್ಮದು ಶುರು. ಡ್ರಮ್ಮಿಗೆ ಒಂದು ಏಟು ಬಿದ್ದರೆ ಬಿಳಿ ಮೋಡ ಏಳುತ್ತಿತ್ತು. ಈ ಲೀಡ್ ಮಹಾಶಯನದು ಮೇಲಿನ ದನಿ, ಅಂದರೆ ಹಾಡಿನ ಮುಖ್ಯ ರಾಗ. ನನ್ನದು ಅದರ ಜೊತೆಗೂಡುವ ಕೆಳಗಿನ ದನಿ. ಹೆಚ್ಚಿಗೆ ನುಡಿಸಿದ್ದು ಅಮೆರಿಕದ ರಾಕ್ ಬ್ಯಾಂಡ್ ಈಗಲ್ಸ್ ಹಾಡುಗಳನ್ನ.

ಆ ಕ್ಯಾಸೆಟ್ ಬಂದ ದಿನ ನಮಗೆ ಎಷ್ಟು ಸಿಟ್ಟು ಬಂದಿತ್ತು! 13 ಹಾಡು ಇದ್ದವು, ಅದರಲ್ಲಿ 'ಹೋಟೆಲ್ ಕ್ಯಾಲಿಫೋರ್ನಿಯಾ' ಇರಲಿಲ್ಲ. ಹಾಡುಗಳು ಈಗಲ್ಸ್ ಅವರದ್ದೇ, ಹಾಡಿದವರೆಲ್ಲ ಬೇರೆ ಕಂಟ್ರಿ ಗಾಯಕರು. "ಯಾರ್ಯಾರೋ ಹಾಡಿದ್ದನ್ನ ನಾವ್ಯಾಕೆ ಕೇಳಬೇಕು" ಅಂತ ನೀನು ಅದನ್ನು ಡಬ್ಬಕ್ಕೆ ಹಾಕಿದೆ. ಯಾರ್ಯಾರದೋ ಹಾಡು ಹಾಡುವುದೇ ನಮ್ಮ ಕಸುಬಾಗಿತ್ತು, ಅಲ್ವಾ?

ಈಗ ಮನೆಯಲ್ಲಿ ಪ್ಲೇಯರ್ ಇಲ್ಲ. ಫೋನಿನಲ್ಲೇ ಹುಡುಕಿ ಮೊದಲಿಂದ ಕೊನೆವರೆಗೆ ಕೇಳಿದೆ. ನಾವು ತಪ್ಪು ಮಾಡಿದ್ದೆವು ಕಣೋ. ಟ್ರಿಷಾ ಇಯರ್‌ವುಡ್ 'ನ್ಯೂ ಕಿಡ್ ಇನ್ ಟೌನ್' ಹಾಡಿದ್ದಾಳೆ. ಹೆಣ್ಣಿನ ದನಿಯಲ್ಲಿ ಅದರ ನೋವೇ ಬೇರೆ. ಅಲನ್ ಜಾಕ್ಸನ್ 'ಟಕೀಲಾ ಸನ್‌ರೈಸ್'ಗೆ ಏನೂ ಸೇರಿಸಿಲ್ಲ, ಏನೂ ಕಿತ್ತಿಲ್ಲ. ಸುಮ್ನೆ ಹಾಡಿದ್ದಾನೆ, ಅಷ್ಟು ಸಾಕು. ಎಲ್ಲವೂ ಚೆನ್ನಾಗಿವೆ ಅನ್ನಲಾರೆ. ಒಂದೆರಡು ಬರೀ ಜೆರಾಕ್ಸ್. ಟ್ರಿಬ್ಯೂಟ್ ಆಲ್ಬಮ್‌ಗಳ ಕಷ್ಟವೇ ಅದು. ಮೂಲವನ್ನು ಮುಟ್ಟಲು ಹೆದರಿದರೆ ಸಪ್ಪೆ, ಜಾಸ್ತಿ ತಿರುಚಿದರೆ ಹಾಡೇ ಉಳಿಯುವುದಿಲ್ಲ. ಗ್ರೇಟ್‌ಫುಲ್ ಡೆಡ್‌ಗೆ 2016ರಲ್ಲಿ ಬಂದ 'ಡೇ ಆಫ್ ದಿ ಡೆಡ್' 59 ಹಾಡಿನದ್ದು, ಐದು ಗಂಟೆಗೂ ಮೀರಿದ್ದು. ಮೆಟಾಲಿಕಾದ ಒಂದೇ ಆಲ್ಬಮ್ಮಿಗೆ 2021ರಲ್ಲಿ 53 ಕವರ್ ಬಂದವು. ಅಷ್ಟೆಲ್ಲ ಕೇಳುವ ಬಿಡುವು ನಮ್ಮ ವಯಸ್ಸಿನಲ್ಲಿ ಯಾರಿಗಿದೆ? ಇದು ಒಂದು ಕ್ಯಾಸೆಟ್ಟಿನಷ್ಟು. ಕೂತು ಕೇಳಬಹುದು.

ಆದರೆ ನಾನು ಹೇಳಬೇಕಾದ್ದು ಹಾಡಿನ ಬಗ್ಗೆ ಅಲ್ಲ. ಆ ಆಲ್ಬಮ್ಮಿನಿಂದ ಏನಾಯಿತು ಅನ್ನುವುದು.

ಈಗಲ್ಸ್ ಒಡೆದಿದ್ದು 1980ರ ಜುಲೈ 31ರಂದು, ಲಾಂಗ್ ಬೀಚ್‌ನಲ್ಲಿ. ಬ್ಯಾಂಡಿನ ಗ್ಲೆನ್ ಫ್ರೈ ಮತ್ತೆ ಡಾನ್ ಫೆಲ್ಡರ್ ಸ್ಟೇಜ್ ಮೇಲೆಯೇ, ಹಾಡು ಹಾಡಿನ ನಡುವೆ, "ಇನ್ನಿಷ್ಟು ಹಾಡು ಮುಗೀಲಿ, ನಿನ್ನ ನೋಡ್ಕೋತೀನಿ" ಅನ್ನುವ ಧಾಟಿಯಲ್ಲಿ ಬೈದುಕೊಂಡಿದ್ದರು. ಕೆಳಗೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಆಮೇಲೆ 'ಈಗಲ್ಸ್ ಲೈವ್' ಆಲ್ಬಮ್ ಮುಗಿಸಬೇಕಿತ್ತು. ಒಂದೇ ರೂಮಿನಲ್ಲಿ ಕೂರಲು ಯಾರೂ ತಯಾರಿಲ್ಲ. ಫ್ರೈ ಲಾಸ್ ಏಂಜಲೀಸ್‌ನಲ್ಲಿ, ಉಳಿದವರು ಮಯಾಮಿಯಲ್ಲಿ. ದನಿ ತಿದ್ದಿದ ಟೇಪುಗಳು ಕೊರಿಯರ್‌ನಲ್ಲಿ ಅತ್ತಿಂದಿತ್ತ ಓಡಾಡಿದವು. ಆ ಆಲ್ಬಮ್ಮಿನಲ್ಲೇ 'ಸೆವೆನ್ ಬ್ರಿಡ್ಜಸ್ ರೋಡ್' ಇರುವುದು. ಐದು ಜನ ಒಂದೇ ಉಸಿರಿನಲ್ಲಿ ಹಾಡಿದ ಹಾಗೆ ಕೇಳುವ ಹಾಡು. ಕಾರ್ಯಕ್ರಮಕ್ಕೆ ಮುಂಚೆ ಬಚ್ಚಲಿನ ಪ್ರತಿಧ್ವನಿಯಲ್ಲಿ ನಿಂತು ಅವರು ಅದನ್ನೇ ಹಾಡಿ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರಂತೆ. ನಾವು ಗಿರಣಿಯ ಮೆಟ್ಟಿಲ ಸಂದಿನಲ್ಲಿ ಹಾಡುತ್ತಿದ್ದೆವಲ್ಲ, ಹಾಗೆ. ಅದೂ ಅವರ ಸ್ವಂತದ್ದಲ್ಲ. ಸ್ಟೀವ್ ಯಂಗ್ ಬರೆದಿದ್ದು.

ಮತ್ತೆ ಯಾವಾಗ ಸೇರುತ್ತೀರಿ ಅಂತ ಕೇಳಿದರೆ, ನರಕ ಹೆಪ್ಪುಗಟ್ಟಿದಾಗ ಅನ್ನುತ್ತಿದ್ದ ಬ್ಯಾಂಡಿನ ಡ್ರಮ್ಮರ್ ಡಾನ್ ಹೆನ್ಲಿ. ಹೀಗೇ 13 ವರ್ಷ.

1993ರಲ್ಲಿ ಈ 'ಕಾಮನ್ ಥ್ರೆಡ್' ಬಂತು. ಅದರ ದುಡ್ಡಿನ ಒಂದು ಪಾಲು ಹೆನ್ಲಿಯ ವಾಲ್ಡನ್ ವುಡ್ಸ್ ಕೆಲಸಕ್ಕೆ ಹೋಯಿತು. ಅಮೆರಿಕದ ಲೇಖಕ ಥೋರೊ ಗುಡಿಸಲು ಕಟ್ಟಿಕೊಂಡಿದ್ದ ಕೊಳದ ಸುತ್ತಲಿನ ಕಾಡನ್ನು ಕಟ್ಟಡಗಳಿಂದ ಉಳಿಸುವ ಕೆಲಸ. ಮೊದಲ ಹಾಡು 'ಟೇಕ್ ಇಟ್ ಈಸಿ'. ಹಾಡಿದವನು ಟ್ರಾವಿಸ್ ಟ್ರಿಟ್. ವಿಡಿಯೊ ಮಾಡುವಾಗ ಅವನು ಒಂದೇ ಒಂದು ಕೇಳಿಕೊಂಡ: ನನ್ನ ಹಿಂದೆ ಈಗಲ್ಸ್ ನಿಲ್ಲಬೇಕು. ಬಂದರು ಕಣೋ! ಫ್ರೈ, ಹೆನ್ಲಿ, ಫೆಲ್ಡರ್, ಜೋ ವಾಲ್ಷ್, ಟಿಮೊಥಿ ಶ್ಮಿಟ್, ಐದೂ ಜನ. ಬೇರೆಯವನೊಬ್ಬ ತಮ್ಮ ಹಾಡು ಹಾಡುವಾಗ ಹಿಂದೆ ನಿಂತರು. 1994ರ ಏಪ್ರಿಲ್‌ನಲ್ಲಿ ಮತ್ತೆ ಒಟ್ಟಿಗೆ ನುಡಿಸಿದರು. ನಾವು ಟಿವಿಯಲ್ಲಿ ಬಾಯಿಬಿಟ್ಟುಕೊಂಡು ನೋಡಿದ ಆ ಅಕೂಸ್ಟಿಕ್ 'ಹೋಟೆಲ್ ಕ್ಯಾಲಿಫೋರ್ನಿಯಾ' ಅದೇ. ನಾವು ಡಬ್ಬಕ್ಕೆ ಹಾಕಿದ ಕ್ಯಾಸೆಟ್ ಇಲ್ಲದಿದ್ದರೆ ನಮಗೆ ಆ ಹಾಡು ಹಾಗೆ ಸಿಗುತ್ತಲೇ ಇರಲಿಲ್ಲವೇನೋ.

ಇನ್ನೂ ಒಂದಿದೆ. ಆ ಆಲ್ಬಮ್ಮಿನಲ್ಲಿ 'ಐ ಕಾಂಟ್ ಟೆಲ್ ಯು ವೈ' ಹಾಡಿದವನು ವಿನ್ಸ್ ಗಿಲ್. ಫ್ರೈ 2016ರ ಜನವರಿಯಲ್ಲಿ ತೀರಿಕೊಂಡ. ಮರುವರ್ಷ ಈಗಲ್ಸ್ ಸ್ಟೇಜ್ ಹತ್ತಿದಾಗ ಫ್ರೈನ ಮಗ ಡೀಕನ್ ಒಂದು ಕಡೆ, ವಿನ್ಸ್ ಗಿಲ್ ಇನ್ನೊಂದು ಕಡೆ. ಪ್ರೀತಿಯಿಂದ ಹಾಡಿ ಒಪ್ಪಿಸಿದವನು 24 ವರ್ಷದ ಮೇಲೆ ಅವರ ಪಕ್ಕದಲ್ಲೇ ನಿಂತ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಅಂತ ಹೇಳಿಬಿಡುತ್ತೇನೆ.

ಬೆಳಿಗ್ಗೆ ಒಗ್ಗರಣೆ ಹಾಕುವಾಗ ನಾನು ಗುನುಗುತ್ತೇನೆ. ಗುನುಗುವುದು ಯಾವಾಗಲೂ ಕೆಳಗಿನ ದನಿಯನ್ನೇ. ನನ್ನ ಪಾಲಿನದ್ದು ಅದೇ ತಾನೇ. ಬರೀ ಕೆಳಗಿನ ದನಿ ಕೇಳಿದರೆ ಯಾವ ಹಾಡು ಅಂತ ಯಾರಿಗೂ ತಿಳಿಯುವುದಿಲ್ಲ. ಮೊನ್ನೆ ಮಗಳು ಬಂದು, "ಅಪ್ಪ, ಇದನ್ನ ದಿನಾ ಹಾಡ್ತೀಯ. ಇದು ಯಾವ ಹಾಡು? ಇದಕ್ಕೆ ಟ್ಯೂನೇ ಇಲ್ವಲ್ಲ" ಅಂದಳು. ಈಗಲ್ಸ್ ಅನ್ನಲು ಬಾಯಿ ತೆರೆದೆ. ಅಲ್ಲ. ಸಾಸಿವೆ ಸೀದುಹೋಯಿತು.

ಅದು ನಿನ್ನ ಹಾಡು. ಮೆಟ್ಟಿಲ ಮೇಲೆ ಕೂತು ನೀನು ಬರೆದ ಕನ್ನಡದ ಹಾಡು.

1998ರ ಆ ಕಾಲೇಜು ಫೆಸ್ಟ್. ಲಿಸ್ಟಿನಲ್ಲಿ ಅದು ಕೊನೆಯದಾಗಿತ್ತು. ಫೆಸ್ಟ್ ನಡೆಸುವವರು ಟೈಮಿಲ್ಲ ಅಂದರು ಅಂತ ನಾನು ಬಂದು ಹೇಳಿದೆ. ಯಾರೂ ಹಾಗೆ ಅಂದಿರಲಿಲ್ಲ. ಇನ್ನೂ ಹತ್ತು ನಿಮಿಷ ಇತ್ತು. ನಾನೇ ಅದನ್ನು ಹೊಡೆದುಹಾಕಿದ್ದೆ. ಆ ರಾತ್ರಿ ನೀನು ಅವರೊಂದಿಗೆ ಜಗಳವಾಡಿದೆ, ಆಮೇಲೆ ನಮ್ಮೊಂದಿಗೆ. ಗಿಟಾರ್ ಚೀಲಕ್ಕೆ ಹಾಕಿಕೊಂಡು ಗಿರಣಿ ಕಡೆ ತಿರುಗಿ ನೋಡದೆ ಹೋದೆ. ಮದುವೆ, ಮಕ್ಕಳು, ಹಬ್ಬದ ಶುಭಾಶಯ, ಎಲ್ಲಾ ಆಯಿತು. ಈ ಮಾತು ಮಾತ್ರ ನಾನು ಎತ್ತಲಿಲ್ಲ.

ಹಾಡು ಚೆನ್ನಾಗಿರಲಿಲ್ಲ ಅಂತಲ್ಲ. ಬಹಳ ಚೆನ್ನಾಗಿತ್ತು. ಅದರಲ್ಲಿ ಕೆಳಗಿನ ದನಿಗೆ ಜಾಗವೇ ಇರಲಿಲ್ಲ. ನೀನೊಬ್ಬನೇ ಸಾಕಾಗಿದ್ದೆ. ಅದನ್ನು ನೋಡಿ ನನಗೆ ಭಯವಾಯಿತು. ಅದಕ್ಕೊಂದು ಕೆಳಗಿನ ದನಿಯನ್ನು ನಾನು ಅಡುಗೆಮನೆಯಲ್ಲಿ ಇಷ್ಟು ವರ್ಷ, ನನಗೇ ಗೊತ್ತಿಲ್ಲದೆ, ಕಟ್ಟಿಕೊಂಡು ಬಂದಿದ್ದೇನೆ.

ತಪ್ಪಾಯಿತು ಕಣೋ.

ಸರಿ, ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ. ಬರೀ ಕ್ಯಾಸೆಟ್ ಸಿಕ್ಕಿತು ಅಂತ ಹೇಳಲು ಹೊರಟಿದ್ದೆ. ಊರಿನ ಸುದ್ದಿ ಹೇಳುತ್ತೇನೆ ಕೇಳು. ಗಿರಣಿ ಈಗ ಮೊಬೈಲ್ ಅಂಗಡಿ. ಮೆಟ್ಟಿಲು ಹಾಗೇ ಇದೆ, ಮೂರನೆಯದು ಈಗಲೂ ಅಲ್ಲಾಡುತ್ತದೆ. ಡ್ರಮ್ಮರ್ ಸಾಹೇಬರು ಈಗಲೂ 'ಒನ್ ಟೂ ತ್ರೀ' ಅಂದು ನಾಲ್ಕು ಅನ್ನುವುದಿಲ್ಲ. ಮಗಳ ಹೆಸರು ಕೂಗುವಾಗಲೂ ಹಾಗೇ.

ಭಾನುವಾರ ಆ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ನಿನ್ನ ಹಾಡಿಗೆ ನನ್ನ ದನಿ ಹಾಕಿದ್ದೇನೆ. ಬೇರೆಯಾಗಿ ಕಳಿಸಿದ್ದೇನೆ, ಇಲ್ಲಿ ಹಾಕಿಲ್ಲ. ಗಿಟಾರ್ ಇದೆ, ಕೆಳಗಿನ ದನಿ ಇದೆ. ಮೇಲಿನದು ಖಾಲಿ. ಶ್ರುತಿ ಒಂದು ಮನೆ ಇಳಿಸಿದ್ದೇನೆ, ನೋಡಿಕೋ. ಎರಡನೇ ಚರಣದಲ್ಲಿ 'ಹಿಟ್ಟಿನ ಬಿಳುಪು' ಆದಮೇಲೆ ಒಂದು ಪದ ಬರುತ್ತಿತ್ತಲ್ಲ, ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ. ಅಲ್ಲಿ ಸುಮ್ನೆ 'ಊಂ' ಅಂದಿದ್ದೇನೆ. ಆ ಪದ ಏನು ಅಂತ ಬರೆದು ಕಳಿಸು.

ನಿನ್ನ
ಕೆಳಗಿನ ದನಿ