ಅಳತೆ ರವಿಕೆ ಕಳುಹಿಸಬೇಡ

ಚಿಕ್ಕಬಳ್ಳಾಪುರ
ಭಾನುವಾರ ರಾತ್ರಿ

ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾನೂ ಅಪ್ಪನೂ ಕ್ಷೇಮವಾಗಿದ್ದೇವೆ. ನಿನ್ನ ಮನೆಯಿಂದ ಬಂದು ಎಂಟು ದಿನವಾಯಿತು. ಅಂದಿನಿಂದ ಹೊರಗಿನವರ ಬಟ್ಟೆ ಒಂದನ್ನೂ ಮುಟ್ಟಿಲ್ಲ, ಯಂತ್ರದ ಮುಂದೆ ಕುಳಿತು ನಿನ್ನದನ್ನೇ ಹೊಲಿದಿದ್ದೇನೆ. ಈ ಕಾಗದದ ಜೊತೆ ಬರುವ ಗಂಟನ್ನು ಪುರುಸೊತ್ತು ಮಾಡಿಕೊಂಡು, ಕೋಣೆಯ ಬಾಗಿಲು ಹಾಕಿಕೊಂಡು ಬಿಚ್ಚು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಚಿಕ್ಕಪ್ಪನ ಮಗಳ ಮದುವೆಗೆ ಹಳೆಯ ಅಳತೆ ರವಿಕೆ ಕಳುಹಿಸುತ್ತೇನೆ, ಅದೇ ಅಳತೆಗೆ ಹೊಲಿ, ಎಡಗಡೆ ಒಳಗೆ ಹತ್ತಿ ತುಂಬಿಬಿಡು, ಯಾರಿಗೂ ಗೊತ್ತಾಗಬಾರದು ಎಂದು ನೀನು ಹೇಳಿದೆ. ನಾನು ಆಗ ಹೂಂ ಎಂದುಬಿಟ್ಟೆ. ಈಗ ಹೇಳುತ್ತೇನೆ ಕೇಳು. ಅಳತೆ ರವಿಕೆ ಕಳುಹಿಸಬೇಡ. ಕ್ಯಾನ್ಸರಿಗೆಂದು ಎಡಗಡೆಯ ಸ್ತನ ತೆಗೆಸಿಕೊಂಡ ಮೇಲೆ ಅದು ಈಗಿನ ನಿನ್ನ ಅಳತೆಯಲ್ಲ.

ಮೂವತ್ತೈದು ವರ್ಷದಿಂದ ಈ ಊರಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದೇನೆ. ಹಾಲು ತುಂಬಿದ ಬಾಣಂತಿಯರು, ಸಕ್ಕರೆ ಕಾಯಿಲೆಯಿಂದ ಸೊರಗಿದವರು, ಬೆನ್ನು ಬಾಗಿದ ಅಜ್ಜಿಯರು, ಹೂವಿನ ಬುಟ್ಟಿ ಹೊತ್ತು ಹೊತ್ತು ಒಂದು ಭುಜ ಇಳಿದವರು, ಎಲ್ಲರೂ ನನ್ನ ಮುಂದೆ ಕೈ ಎತ್ತಿ ನಿಂತಿದ್ದಾರೆ. ಅಳತೆ ಬದಲಾದಾಗ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಿದ್ದೇನೆ. ಅವರ ಮೈಯೇ ತಪ್ಪು ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಹೆತ್ತ ಮಗಳ ಮೈಗೆ ಮಾತ್ರ ಬೇರೆ ನ್ಯಾಯ ಹೇಗಾದೀತು?

ನಿನ್ನನ್ನು ಬ್ರಾ ಕೊಳ್ಳಲು ಆ ದೊಡ್ಡ ಅಂಗಡಿಗೆ ಕರೆದುಕೊಂಡು ಹೋದ ದಿನ ನೆನಪಾದರೆ ಈಗಲೂ ಮೈ ಉರಿಯುತ್ತದೆ. ನೀನು ಮೆಲ್ಲಗೆ ಕೇಳಿದ್ದನ್ನು ಆ ಹುಡುಗಿ ಅಂಗಡಿಯ ಆ ತುದಿಗೆ ಕೇಳುವಂತೆ ಕೂಗಿ ಹೇಳಿದಳು. ಸುತ್ತ ಇದ್ದವರೆಲ್ಲ ನಿನ್ನ ಎದೆಯ ಕಡೆ ನೋಡಿದರು. ನೀನು ದುಪಟ್ಟಾ ಎಳೆದುಕೊಂಡು ಹೊರಗೆ ಬಂದೆ. ಮನೆಗೆ ಬಂದವಳು ಹಟಕ್ಕೆ ಬಿದ್ದು ಹಳೆಯ ತಂತಿ ಬ್ರಾವನ್ನೇ ಹಾಕಿಕೊಂಡೆ. ರಾತ್ರಿ ಬಿಚ್ಚಿದಾಗ ಗಾಯದ ಕೆಳಗೆ, ಕಂಕುಳಿನವರೆಗೆ, ಕೆಂಪು ನೂಲು ಎಳೆದ ಹಾಗೆ ಗೆರೆ ಬಿದ್ದಿತ್ತು. ನಾನು ಅದರ ಮೇಲೆ ಬೆರಳಿಟ್ಟು "ನೋಯುತ್ತದೆಯೇ?" ಎಂದು ಕೇಳಿದೆ. "ಎಲ್ಲಿ?" ಎಂದೆ ನೀನು. ನನ್ನ ಬೆರಳು ಅಲ್ಲೇ ಇತ್ತು, ನಿನಗೆ ತಿಳಿಯಲೇ ಇಲ್ಲ.

ನನಗೆ ನಿಜವಾಗಿ ಭಯವಾದದ್ದು ಆಗ. ಕಂಕುಳಿನ ಗ್ರಂಥಿಗಳನ್ನು ತೆಗೆಯುವಾಗ ಆ ಭಾಗದ ಚರ್ಮಕ್ಕೆ ಸ್ಪರ್ಶ ಕೊಡುವ ನರಗಳಿಗೂ ಪೆಟ್ಟಾಗುತ್ತದೆ, ಕಂಕುಳೂ ಮೇಲ್ತೋಳಿನ ಒಳಭಾಗವೂ ಬಹಳ ದಿನ ಜೋಮು ಹಿಡಿದಂತೆ ಇರಬಹುದು ಎಂದು ಡಾಕ್ಟರ್ ಹೇಳಿದ್ದರು. ಮುಳ್ಳು ಚುಚ್ಚಿದರೆ ಕಾಲು ಎತ್ತುತ್ತೇವೆ. ಚುಚ್ಚಿದ್ದೇ ತಿಳಿಯದಿದ್ದರೆ? ಹಾಗಾಗಿ ಯಾವ ಬಟ್ಟೆ ಹಾಕಿದರೂ ಬಿಚ್ಚಿದ ಮೇಲೆ ಕನ್ನಡಿಯಲ್ಲಿ ನೋಡಿಕೊ. ಗೆರೆ ಬಿದ್ದು ಸ್ವಲ್ಪ ಹೊತ್ತಾದರೂ ಮಾಯದಿದ್ದರೆ ಆ ಬಟ್ಟೆ ಬೇಡ, ಎಷ್ಟೇ ದುಬಾರಿಯದ್ದಾದರೂ ಬೇಡ.

ಗಂಟಿನಲ್ಲಿ ಬ್ರಾ ಬದಲು ಹಾಕಿಕೊಳ್ಳಲು ಮೂರು ಬಾಡಿಗಳಿವೆ. ಮೊದಲು ನಿಮ್ಮ ಡಾಕ್ಟರಿಗೆ ತೋರಿಸು, ಅವರು ಹೂಂ ಎಂದ ಮೇಲೆ ಹಾಕಿಕೊ. ಒಂದನ್ನು ಕೈಯಲ್ಲಿ ಹಿಡಿದು ನೋಡು. ಹೊಲಿಗೆಯ ಅಂಚು ಒಳಗಿಲ್ಲ, ಹೊರಗಿದೆ. ತಿರುಗಿಸಿ ಹೊಲಿದಿದ್ದಾಳೆ ಎಂದುಕೊಳ್ಳಬೇಡ, ಬೇಕೆಂದೇ ಹಾಗೆ ಮಾಡಿದ್ದೇನೆ. ಮೈಗೆ ತಾಗುವ ಕಡೆ ನುಣ್ಣಗಿರಬೇಕು. ಹುಕ್ಕುಗಳೆಲ್ಲ ಮುಂದೆಯೇ, ಅವುಗಳ ಕೆಳಗೆ ಬಟ್ಟೆಯ ಪಟ್ಟಿ ಇದೆ, ಲೋಹ ಚರ್ಮಕ್ಕೆ ತಾಗುವುದಿಲ್ಲ. ತಂತಿ ಇಲ್ಲ. ಭುಜದ ಪಟ್ಟಿ ಒಂದೂವರೆ ಇಂಚು ಅಗಲ, ಕೆಳಗಿನ ಪಟ್ಟಿ ಎರಡು ಇಂಚು. ಹತ್ತಿಯ ಹೊಸಿಯರಿ ಬಟ್ಟೆಯನ್ನು ಮೂರು ಸಲ ಒಗೆದು, ಗಂಜಿಯೆಲ್ಲ ಹೋದ ಮೇಲೆ ಕತ್ತರಿಸಿದ್ದು. ಕಂಕುಳಿನ ಪಕ್ಕ ಬಟ್ಟೆಯನ್ನು ಎತ್ತರಕ್ಕೆ ಬಿಟ್ಟಿದ್ದೇನೆ. ಅಲ್ಲಿ ಅಂಚು ಗಾಯದ ಮೇಲೆ ಕೂರಬಾರದು, ಗಾಯವನ್ನು ದಾಟಿ ಕೂರಬೇಕು.

ಹಾಕಿಕೊಳ್ಳುವಾಗ ಎಡಗೈಯನ್ನು ಮೊದಲು ತೂರಿಸು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆ. ತಲೆಯ ಮೇಲಿಂದ ಎಳೆದುಕೊಳ್ಳುವ ಬಟ್ಟೆಗಳನ್ನು ಈಗ ಬೀರುವಿನಲ್ಲೇ ಇಡು. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈ ಎತ್ತುವ ವ್ಯಾಯಾಮ ಮಾಡುತ್ತಿದ್ದೀಯಲ್ಲ, ಕೈ ಸಲೀಸಾಗಿ ಮೇಲೆ ಹೋಗುವವರೆಗೆ ಮುಂದೆ ಗುಂಡಿಯಿರುವ ನೈಟಿ ಮತ್ತು ಕುರ್ತಾಗಳೇ ಸಾಕು. ಎರಡು ನೈಟಿಗಳನ್ನೂ ಇಟ್ಟಿದ್ದೇನೆ. ಆಪರೇಷನ್ ಆದ ಹೊಸತರಲ್ಲಿ ಗಾಯದ ನೀರು ಇಳಿಯುವ ಡ್ರೈನ್ ಬಾಟಲಿ ನೇತುಹಾಕಲು ನನ್ನ ಹಳೆಯ ಲಂಗದಿಂದ ಚೀಲ ಹೊಲಿದುಕೊಟ್ಟಿದ್ದೆನಲ್ಲ, ಅದೇ ಲಂಗದ ಉಳಿದ ಬಟ್ಟೆಯನ್ನು ಇವುಗಳ ಒಳಜೇಬಿಗೆ ಹಾಕಿದ್ದೇನೆ. ನಿನಗೆ ಆ ಬಟ್ಟೆಯ ಮೃದುತನ ಇಷ್ಟವಾಗಿತ್ತು.

ಬಾಡಿ ಸರಿ ಕೂತಿದೆಯೋ ಇಲ್ಲವೋ ಎಂದು ನೋಡುವುದು ಹೀಗೆ. ಹುಕ್ಕು ಹಾಕಿ ಉಸಿರು ಬಿಡು. ಕೆಳಗಿನ ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು. ಎಷ್ಟು ಆಗುತ್ತದೋ ಅಷ್ಟು ಕೈ ಎತ್ತು, ಪಟ್ಟಿ ಮೇಲಕ್ಕೆ ಜಾರಬಾರದು. ಭಾರ ಹೊರಬೇಕಾದದ್ದು ಕೆಳಗಿನ ಪಟ್ಟಿ, ಭುಜವಲ್ಲ. ಸಡಿಲ ಪಟ್ಟಿಯ ಬ್ರಾ ತಂದು ಭುಜದ ಪಟ್ಟಿಯನ್ನು ಬಿಗಿಮಾಡಿ ಸರಿಮಾಡಿಕೊಳ್ಳುವುದು ಎಲ್ಲ ಹೆಂಗಸರೂ ಮಾಡುವ ತಪ್ಪು. ನಿನಗೆ ಮಾತ್ರ ಅದು ಆಗದು. ಗ್ರಂಥಿ ತೆಗೆದ ಕಡೆ ಭುಜವನ್ನು ಪಟ್ಟಿ ಕೊರೆದರೆ, ಮೊದಲೇ ಕಷ್ಟದಿಂದ ಹರಿಯುವ ದ್ರವ ಇನ್ನಷ್ಟು ಕಟ್ಟಿಕೊಂಡು ಕೈ ಬಾತುಕೊಳ್ಳಬಹುದು. ಹಾಗೆಂದು ಈಗಲೇ ನಾಲ್ಕಾರು ಬ್ರಾ ಕೊಂಡಿಡಬೇಡ. ಬಾವು ಇಳಿಯಲು ತಿಂಗಳುಗಳೇ ಬೇಕು, ಅಳತೆ ಇನ್ನೂ ಬದಲಾಗುತ್ತಿರುತ್ತದೆ.

ವಿಕಿರಣ ಚಿಕಿತ್ಸೆ ಶುರುವಾದ ಮೇಲೆ ಈ ಬಾಡಿಯೂ ಉರಿ ಎನ್ನಿಸಬಹುದು. ಆ ದಿನಗಳಿಗೆಂದು ಸಡಿಲವಾದ ಮಲ್ ಬಟ್ಟೆಯ ಶಿಮ್ಮಿ ಒಂದಿದೆ. ಚರ್ಮ ಕಪ್ಪಾದರೆ ಗಾಬರಿಯಾಗಬೇಡ. ಪೌಡರು, ಸೆಂಟು, ಅರಿಶಿನದೆಣ್ಣೆ ಏನನ್ನೂ ಡಾಕ್ಟರನ್ನು ಕೇಳದೆ ಹಚ್ಚಬೇಡ, ನಿಮ್ಮ ಅತ್ತೆ ಹೇಳಿದರೂ ಸರಿ, ನಾನೇ ಹೇಳಿದರೂ ಸರಿ. ಗಾಯದ ಸುತ್ತ ಕೆಂಪಾದರೆ, ಬಿಸಿಯಾದರೆ, ನೀರು ತುಂಬಿದ ಹಾಗೆ ಉಬ್ಬಿದರೆ, ಜ್ವರ ಬಂದರೆ ನನಗೆ ಫೋನು ಮಾಡುವ ಮೊದಲು ಆಸ್ಪತ್ರೆಗೆ ಮಾಡು.

ಇನ್ನು ಹತ್ತಿ ತುಂಬುವ ವಿಷಯ. ಬರಿಯ ಹತ್ತಿ ಹಗುರ, ಅರ್ಧ ದಿನದಲ್ಲಿ ಮೇಲಕ್ಕೆ ಏರಿ ಕೊರಳ ಹತ್ತಿರ ಬಂದು ಕೂರುತ್ತದೆ. ಮದುವೆ ಮನೆಯಲ್ಲಿ ನಿಮಿಷಕ್ಕೊಮ್ಮೆ ಕೆಳಗೆಳೆದುಕೊಳ್ಳುತ್ತ ನೀನು ಇನ್ನಷ್ಟು ಸಂಕಟಪಡುತ್ತೀಯೆ. ಅದಕ್ಕೆ ಪಕ್ಕದ ಮನೆಯ ಅಕ್ಕನ ಕೈಯಲ್ಲಿ ಹತ್ತಿ ದಾರದ ಒಂದು ಚಿಪ್ಪು ಹೆಣೆಸಿ, ಒಳಗೆ ಮೆತ್ತನೆಯ ಫೈಬರ್ ತುಂಬಿದ್ದೇನೆ. ಹಿಂದುಗಡೆ ದಾರ ಬಿಚ್ಚಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಬಾಡಿಯ ಎಡಗಡೆ ಒಳಜೇಬಿದೆ, ಅದರಲ್ಲಿಟ್ಟರೆ ಅಲುಗುವುದಿಲ್ಲ. ಮನೆಯಲ್ಲಿ, ಹತ್ತಿರದ ಓಡಾಟಕ್ಕೆ ಇದು ಸಾಕು.

ನಿನಗೆ ಏಳು ವರ್ಷವಾಗಿದ್ದಾಗ ಮಾವ ಒಂದು ಬಾರ್ಬಿ ಗೊಂಬೆ ತಂದುಕೊಟ್ಟಿದ್ದ. ಅದಕ್ಕೆ ರೇಷ್ಮೆ ಸೀರೆ ಬೇಕೆಂದು ನೀನು ಊಟ ಬಿಟ್ಟು ಕುಳಿತಿದ್ದೆ, ನಾನು ಬೆರಳುದ್ದದ ರವಿಕೆ ಹೊಲಿದುಕೊಟ್ಟೆ. ಆಸ್ಪತ್ರೆಯಲ್ಲಿ ನೀನು ಮಲಗಿದ್ದಾಗ ಮೊಮ್ಮಗಳು ಮೊಬೈಲಿನಲ್ಲಿ ಓದಿ ಹೇಳಿದಳು. 1959ರಲ್ಲಿ ಆ ಗೊಂಬೆಯನ್ನು ಮಾರುಕಟ್ಟೆಗೆ ತಂದ ಅಮೆರಿಕದ ರೂತ್ ಹ್ಯಾಂಡ್ಲರ್ ಎಂಬಾಕೆಗೂ 1970ರಲ್ಲಿ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಆಯಿತಂತೆ. ಆಗ ಸಿಗುತ್ತಿದ್ದ ಕೃತಕ ಸ್ತನಗಳು ಆಕೆಗೆ ಒಪ್ಪಿಗೆಯಾಗಲಿಲ್ಲ. ಕುಶಲಕರ್ಮಿಯೊಬ್ಬರ ಜೊತೆ ಕುಳಿತು ತಾನೇ ಮಾಡಿಸಿದಳು, ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಅಲ್ಲಿಯವರೆಗೆ ಅದೂ ಯಾರಿಗೂ ತೋಚಿರಲಿಲ್ಲವೇ, ಎರಡು ಕಾಲಿಗೂ ಒಂದೇ ಚಪ್ಪಲಿ ಕೊಟ್ಟ ಹಾಗೆ ಎಂದು ನನಗೆ ಆಶ್ಚರ್ಯವಾಯಿತು. ಆಕೆ ಅದರ ಕಂಪನಿಯನ್ನೇ ಕಟ್ಟಿ, ತಾನೇ ನಿಂತು ಹೆಂಗಸರಿಗೆ ಅಳತೆ ನೋಡಿ ಕೊಡುತ್ತಿದ್ದಳಂತೆ.

ಈಗ ಬ್ರಾದೊಳಗೆ ಇಟ್ಟುಕೊಳ್ಳಲು ಸಿಲಿಕೋನಿನವು ಸಿಗುತ್ತವೆ. ಅವುಗಳಿಗೆ ತೂಕವಿರುತ್ತದೆ, ನಿನಗೆ ಆ ತೂಕವೇ ಬೇಕಾಗಬಹುದು. ಒಂದು ಕಡೆ ಭಾರವಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಭುಜ ಒಂದು ಪಕ್ಕಕ್ಕೆ ವಾಲಿ ಕುತ್ತಿಗೆ, ಬೆನ್ನು ಹಿಡಿಯುತ್ತವೆ. ನೀನು ನಡೆಯುವಾಗ ಎಡಭುಜ ಎತ್ತಿಕೊಳ್ಳುವುದನ್ನು ನಾನು ಗಮನಿಸಿದ್ದೇನೆ. ಸಾಮಾನ್ಯವಾಗಿ 6ರಿಂದ 8 ವಾರ ಕಳೆದು ಗಾಯ ಪೂರ್ತಿ ಮಾಗಿದ ಮೇಲೆ ಅದನ್ನು ಇಡುತ್ತಾರೆ, ವಿಕಿರಣವಿದ್ದರೆ ಚರ್ಮ ಸುಧಾರಿಸುವವರೆಗೆ ಇನ್ನೂ ಕಾಯಬೇಕು. ಕೊಳ್ಳುವಾಗ ಅಳತೆ ನೋಡುವ ಕ್ರಮ ನನ್ನ ಕಸುಬಿಗೆ ಹತ್ತಿರದ್ದು. ಎದೆಯ ನಡುವಿನಿಂದ ಬಲಗಡೆ ಸುತ್ತಿ ಬೆನ್ನುಮೂಳೆಯವರೆಗೆ ಟೇಪು ಹಿಡಿದು, ಬಂದದ್ದನ್ನು ಎರಡರಷ್ಟು ಮಾಡುವುದು. ಒಂದು ಎಚ್ಚರಿಕೆ ಹೇಳುತ್ತೇನೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ನಾವು ಸೆರಗು ಹಾಕುವುದು ಎಡಭುಜಕ್ಕೆ, ಪಿನ್ನು ಚುಚ್ಚುವುದೂ ಅಲ್ಲೇ. ಪಿನ್ನು ತಾಗಿ ಸಿಲಿಕೋನ್ ಸೀಳಿದರೆ ಮತ್ತೆ ಕೂಡುವುದಿಲ್ಲ. ಪಿನ್ನನ್ನು ಭುಜದ ಮೇಲಷ್ಟೇ ಹಾಕು, ಎದೆಯ ನೆರಿಗೆಗೆ ಬೇಡ.

ಏನೂ ಇಡುವುದಿಲ್ಲ, ಸಮತಟ್ಟಾಗಿಯೇ ಇರುತ್ತೇನೆ ಎಂದು ನಿನಗೆ ಅನ್ನಿಸಿದರೆ ಅದೂ ಸರಿಯೇ. ಎಡಗಡೆ ಎದೆಯ ಉಬ್ಬಿಗೆಂದು ಹಿಡಿಯುವ ಮಡಿಕೆ, ಅಂದರೆ ಡಾಟ್, ತೆಗೆದು ಚಪ್ಪಟೆಯಾಗಿ ಕತ್ತರಿಸಿದರೆ ರವಿಕೆ ಸುಕ್ಕಿಲ್ಲದೆ ಕೂರುತ್ತದೆ. ಎರಡನ್ನೂ ಹೊಲಿಯಬಲ್ಲೆ. ಯಾವುದು ಎಂದು ನೀನೇ ಹೇಳಬೇಕು, ಮದುವೆಗೆ ಬರುವ ಜನ ಹೇಳಬಾರದು.

ಇದನ್ನು ಬರೆಯಲು ನನಗೆ ಯೋಗ್ಯತೆ ಇದೆಯೇ ಎಂದು ತುಂಬಾ ಯೋಚಿಸಿದೆ. ಡ್ರೆಸಿಂಗ್ ಬಿಚ್ಚಿದ ದಿನ ನಾನು ಕಿಟಕಿಯ ಕಡೆ ತಿರುಗಿದೆ. ನೀನು ಅದನ್ನು ಕಂಡೆ. ಕಂಡದ್ದು ನನಗೂ ಗೊತ್ತಾಯಿತು. ನಾವಿಬ್ಬರೂ ಈವರೆಗೆ ಅದರ ಮಾತೆತ್ತಿಲ್ಲ. ನನ್ನ ಕೈಯಲ್ಲಿ ಎಣ್ಣೆ ನೀರು ಹಾಕಿಸಿಕೊಂಡು ಬೆಳೆದ ಮೈಯನ್ನು ನೋಡಲು ನನಗೆ ಆ ಹೊತ್ತು ಧೈರ್ಯ ಸಾಲಲಿಲ್ಲ, ಕ್ಷಮಿಸು ಪುಟ್ಟಿ. ಆಮೇಲೆ ನಾಲ್ಕು ವಾರ ದಿನಾ ನೋಡಿದೆ. ಈಗ ಕಣ್ಣು ಮುಚ್ಚಿದರೂ ಆ ಗಾಯ ಎಲ್ಲಿ ಶುರುವಾಗಿ ಎಲ್ಲಿ ತಿರುಗುತ್ತದೆ ಎಂದು ಗೊತ್ತು. ಬಾಡಿಯ ಕಂಕುಳಿನ ಅಂಚನ್ನು ಕತ್ತರಿಸಿದ್ದು ಆ ನೆನಪಿನಿಂದಲೇ.

ಮದುವೆಗೆ ಇನ್ನೂ ಮೂರು ತಿಂಗಳಿದೆ, ಅಷ್ಟರಲ್ಲಿ ನಿನ್ನ ಚಿಕಿತ್ಸೆಯೂ ಮುಗಿದಿರುತ್ತದೆ. ಬರಲೇಬೇಕೆಂಬ ಬಲವಂತವಿಲ್ಲ. ಆಯಾಸವಾದರೆ ಬರಬೇಡ, ಚಿಕ್ಕಪ್ಪನಿಗೆ ನಾನು ಹೇಳುತ್ತೇನೆ. ಆದರೆ ಬಟ್ಟೆಯ ಕಾರಣಕ್ಕೆ ನಿಲ್ಲುವುದು ಬೇಡ. ಬರುವುದಾದರೆ ಜರಿ ತುಂಬಿದ ಆ ಧಾರೆ ಸೀರೆ ಬಿಡು, ಅದರ ಸೆರಗಿನ ಭಾರವೆಲ್ಲ ಎಡಭುಜಕ್ಕೇ. ಹಗುರವಾದ ಮೆತ್ತನೆಯ ರೇಷ್ಮೆಯದೇ ಚೆನ್ನ. ರವಿಕೆಯ ಎಡತೋಳನ್ನು ಅರ್ಧ ಇಂಚು ಸಡಿಲ ಬಿಡುತ್ತೇನೆ, ಕುತ್ತಿಗೆಯನ್ನು ಒಂದು ಇಂಚು ಮೇಲಕ್ಕೆ ತರುತ್ತೇನೆ, ಒಳಗೆಲ್ಲ ಮಲ್ ಲೈನಿಂಗ್. ಬಳೆ ತೊಡಿಸುವವರು ಬಂದಾಗ ಎಡಗೈಯನ್ನು ಹಿಸುಕಿ ಬಳೆ ಏರಿಸಲು ಬಿಡಬೇಡ. ನಿನ್ನ ಅಳತೆ ಎರಡು-ನಾಲ್ಕು ಆದರೂ ಆ ಕೈಗೆ ಎರಡು-ಆರು ತೆಗೆದಿಡುತ್ತೇನೆ, ತಾನಾಗಿ ಏರಿ ತಾನಾಗಿ ಇಳಿಯಲಿ.

ಗಂಟಿನ ಅಡಿಯಲ್ಲಿರುವ ಪುಟ್ಟ ದಿಂಬು ಕಾರಿಗೆ. ಸೀಟ್ ಬೆಲ್ಟಿಗೂ ಎದೆಗೂ ನಡುವೆ ಇಟ್ಟುಕೊ. ಆಟೋದಲ್ಲಿ ಹೋಗುವಾಗ ಕಂಕುಳ ಕೆಳಗಿಟ್ಟುಕೊಂಡರೆ ರಸ್ತೆಯ ಉಬ್ಬು ಬಂದಾಗ ತೋಳು ಗಾಯಕ್ಕೆ ಬಡಿಯುವುದಿಲ್ಲ.

ಬುಧವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಬಾಡಿ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅಷ್ಟರಲ್ಲಿ ಹಾಕಿ ನೋಡಿರು, ಸೂಜಿ ದಾರ ನನ್ನ ಚೀಲದಲ್ಲೇ ಇರುತ್ತದೆ. ರವಿಕೆಯ ಅಳತೆಯನ್ನು ಮದುವೆಗೆ ಹದಿನೈದು ದಿನವಿರುವಾಗ ತೆಗೆದರೆ ಸಾಕು. ಸೀರೆಯ ಬಣ್ಣ ಮಾತ್ರ ಈಗಲೇ ಯೋಚಿಸಿಡು, ಲೈನಿಂಗ್ ಬಟ್ಟೆಗೆ ಬಣ್ಣ ಹೊಂದಿಸಬೇಕು.

ನಿನ್ನ
ಅಮ್ಮ